ಪಿಡಿಎಯಲ್ಲಿ ಜಿಪಿಎಸ್ ನಕ್ಷೆ: ಮೊದಲು ಪೋರ್ಟ್, ಆಮೇಲೆ ನಕ್ಷೆ

ನಕ್ಷೆ ತೆರೆದಿದೆ, ಬೀದಿಗಳೆಲ್ಲ ಕಾಣುತ್ತಿವೆ, ಆದರೆ ನೀವಿರುವ ಜಾಗ ತೋರಿಸಬೇಕಾದ ಬಾಣ ಮಾತ್ರ ಬೂದು ಬಣ್ಣಕ್ಕೆ ತಿರುಗಿ ಅಲ್ಲಾಡದೆ ನಿಂತಿದೆ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ನಕ್ಷೆಯ ಸಾಫ್ಟ್‌ವೇರ್ ಅಳಿಸಿ ಮತ್ತೆ ಹಾಕುತ್ತಾರೆ. ಅದರಿಂದ ತೊಂದರೆ ಪರಿಹಾರವಾಗುವುದು ಅಪರೂಪ, ಏಕೆಂದರೆ ತಪ್ಪಿರುವುದು ನಕ್ಷೆಯಲ್ಲಲ್ಲ. ಪಿಡಿಎಯಲ್ಲಿ (ಅಂಗೈಯಲ್ಲಿ ಹಿಡಿಯುವ ಕಿರು ಕಂಪ್ಯೂಟರ್) ಜಿಪಿಎಸ್ ಕೆಲಸ ಮಾಡಬೇಕಾದರೆ ಮೂರು ಕೊಂಡಿಗಳು ಕೂಡಬೇಕು: ಉಪಗ್ರಹದಿಂದ ರಿಸೀವರ್‌ಗೆ, ರಿಸೀವರ್‌ನಿಂದ ಪಿಡಿಎಯ ಪೋರ್ಟ್‌ಗೆ (ದತ್ತಾಂಶ ಹೋಗಿಬರುವ ಕಿಂಡಿ), ಪೋರ್ಟ್‌ನಿಂದ ನಕ್ಷೆಗೆ. ಇವುಗಳಲ್ಲಿ ನಡುವಿನದೇ ಹೆಚ್ಚು ಕೈಕೊಡುವುದು. ಹಾಗಾಗಿ ಇಲ್ಲಿ ಪ್ರತಿ ಕೊಂಡಿಯನ್ನೂ ಬೇರೆಬೇರೆಯಾಗಿ ಪರೀಕ್ಷಿಸಿ, ಒಂದು ಸರಿಯಾದ ಮೇಲಷ್ಟೇ ಮುಂದಿನದಕ್ಕೆ ಹೋಗುವ ಕ್ರಮ ಹೇಳಿದ್ದೇವೆ. ವಿವರಗಳು ಮುಖ್ಯವಾಗಿ ಮೈಕ್ರೋಸಾಫ್ಟ್‌ನ ಪಾಕೆಟ್ ಪಿಸಿ ಮತ್ತು ವಿಂಡೋಸ್ ಮೊಬೈಲ್ ವ್ಯವಸ್ಥೆಯ ಸಾಧನಗಳಿಗೆ. ಪಾಮ್ ಸಾಧನಗಳಲ್ಲಿ ಬೇರೆಯಾಗುವ ಕಡೆ ಅದನ್ನೂ ತಿಳಿಸಿದ್ದೇವೆ.

ರಿಸೀವರ್ ಯಾವ ಬಗೆಯದು

ಪಿಡಿಎಯ ಒಳಗೇ ಜಿಪಿಎಸ್ ಚಿಪ್ ಇದ್ದರೆ ಈ ಭಾಗ ಬಿಟ್ಟು ಮುಂದೆ ಹೋಗಬಹುದು. ಇಲ್ಲದಿದ್ದರೆ ಹೊರಗಿನ ರಿಸೀವರ್ ಬೇಕು. ಅದರಲ್ಲಿ ಚಾಲ್ತಿಯಲ್ಲಿರುವುದು ಮೂರು ಬಗೆ: ಬ್ಲೂಟೂತ್, ಕಾಂಪ್ಯಾಕ್ಟ್‌ಫ್ಲ್ಯಾಶ್ ಅಥವಾ ಎಸ್‌ಡಿಐಒ ಸ್ಲಾಟಿಗೆ ತೂರಿಸುವ ಕಾರ್ಡ್, ಮತ್ತು ಸೀರಿಯಲ್ ಕೇಬಲ್.

ಬ್ಲೂಟೂತ್ ರಿಸೀವರನ್ನು ಆಕಾಶ ಚೆನ್ನಾಗಿ ಕಾಣುವ ಕಡೆ ಇಟ್ಟು ಪಿಡಿಎಯನ್ನು ಕೈಯಲ್ಲಿ ಹಿಡಿದುಕೊಳ್ಳಬಹುದು. ಅದಕ್ಕೆ ತನ್ನದೇ ಬ್ಯಾಟರಿ ಇರುವುದರಿಂದ ಪಿಡಿಎಯ ಬ್ಯಾಟರಿಗೆ ಹೊರೆಯೂ ಕಡಿಮೆ. ಕಾರ್ಡ್ ರಿಸೀವರ್ ಸ್ಲಾಟನ್ನು ಆಕ್ರಮಿಸುತ್ತದೆ. ಸಾಧನದಲ್ಲಿ ಒಂದೇ ಸ್ಲಾಟ್ ಇದ್ದರೆ ನಕ್ಷೆಯ ಮೆಮರಿ ಕಾರ್ಡಿಗೆ ಜಾಗವೇ ಇರುವುದಿಲ್ಲ. ಕೊಳ್ಳುವ ಮುಂಚೆ ಇದನ್ನು ಯೋಚಿಸಿ. ಕಾರ್ಡಿಗೆ ಸೀರಿಯಲ್ ಪೋರ್ಟಿನ ವೇಷ ಇರುತ್ತದೆ, ತೂರಿಸಿದ ಕೂಡಲೇ ಪಿಡಿಎ ಅದಕ್ಕೊಂದು ಕಾಮ್ ಸಂಖ್ಯೆ, ಅಂದರೆ ಪೋರ್ಟಿನ ಸಂಖ್ಯೆ, ಕೊಡುತ್ತದೆ.

ಸೀರಿಯಲ್ ಕೇಬಲ್‌ನಲ್ಲಿ ಒಂದು ಮಾತು ಗಮನದಲ್ಲಿರಲಿ. ಪಿಡಿಎಯ ಸಿಂಕ್ ಕೇಬಲ್ಲೂ ರಿಸೀವರ್‌ನ ಕೇಬಲ್ಲೂ ಎರಡೂ ಪಿಸಿಗೆ ಸಿಕ್ಕಿಸಲೆಂದೇ ಮಾಡಿದವು. ಅವೆರಡನ್ನೂ ನೇರವಾಗಿ ಒಂದಕ್ಕೊಂದು ಜೋಡಿಸಿದರೆ ಕಳಿಸುವ ತಂತಿಗೆ ಕಳಿಸುವ ತಂತಿಯೇ ಎದುರಾಗುತ್ತದೆ. ನಡುವೆ ನಲ್ ಮೋಡೆಮ್ ಅಡಾಪ್ಟರ್ ಬೇಕು: 9 ಪಿನ್ನಿನ ಕನೆಕ್ಟರಿನಲ್ಲಿ 2 ಮತ್ತು 3ನೇ ಪಿನ್ ಅದಲುಬದಲಾಗಬೇಕು, 5ನೇ ಪಿನ್ ಗ್ರೌಂಡ್ ಆಗಿ ನೇರ ಹೋಗಬೇಕು. ಕೇಬಲ್ ನೋಡಲು ಅಡ್ಡಾದಿಡ್ಡಿಯಾದರೂ ಒಮ್ಮೆ ಕೂಡಿಕೊಂಡರೆ ಬ್ಲೂಟೂತ್‌ಗಿಂತ ನಂಬಿಕಸ್ಥ.

ಪಿಸಿ ಲ್ಯಾಪ್‌ಟಾಪ್‌ಗಳಿಗಾಗಿ ಮಾಡಿದ ಯುಎಸ್‌ಬಿ ಜಿಪಿಎಸ್ ಮೌಸ್ ಮಾತ್ರ ತರಬೇಡಿ. ಹೆಚ್ಚಿನ ಪಿಡಿಎಗಳ ಯುಎಸ್‌ಬಿ ಕಿಂಡಿಗೆ ಪಿಸಿಯ ಮುಂದೆ ಅಡಿಯಾಳಾಗಿ ನಡೆಯುವುದಷ್ಟೇ ಗೊತ್ತು. ಇನ್ನೊಂದು ಸಾಧನಕ್ಕೆ ತಾನು ಹೋಸ್ಟ್ ಆಗಲಾರದು. ಪ್ಲಗ್ ಕೂತರೂ ಏನೂ ಆಗುವುದಿಲ್ಲ.

ಪಿಡಿಎಯನ್ನು ಅಣಿಗೊಳಿಸುವುದು

ಮೊದಲು ಬ್ಯಾಕಪ್. ಪಾಕೆಟ್ ಪಿಸಿ 2003 ಮತ್ತು ಅದಕ್ಕೂ ಹಳೆಯ ಸಾಧನಗಳಲ್ಲಿ ನೀವು ಹಾಕಿದ ಪ್ರೋಗ್ರಾಂಗಳು, ವಿಳಾಸಗಳು ಎಲ್ಲ ರ‍್ಯಾಮ್‌ನಲ್ಲೇ ಇರುತ್ತವೆ. ಬ್ಯಾಟರಿ ಪೂರ್ತಿ ಬರಿದಾದರೆ ಎಲ್ಲವೂ ಅಳಿಸಿಹೋಗುತ್ತದೆ. ಜಿಪಿಎಸ್ ಬಳಕೆ ಬ್ಯಾಟರಿಯನ್ನು ಬೇಗ ಬರಿದು ಮಾಡುವ ಕೆಲಸ, ಆದ್ದರಿಂದ ಈ ಅಪಾಯ ನಿಜವಾದದ್ದು. ವಿಂಡೋಸ್ ಮೊಬೈಲ್ 5ರಿಂದ ಈಚೆಗೆ ಮಾಹಿತಿ ಫ್ಲ್ಯಾಶ್ ಮೆಮರಿಯಲ್ಲಿ ಉಳಿಯುತ್ತದೆ. ನಿಮ್ಮದು ಹಳೆಯದಾದರೆ ನಕ್ಷೆಯ ಪ್ರೋಗ್ರಾಮಿನ ಇನ್‌ಸ್ಟಾಲ್ ಫೈಲು, ಅದರ ಲೈಸೆನ್ಸ್ ಸಂಖ್ಯೆ ಎರಡನ್ನೂ ಮೆಮರಿ ಕಾರ್ಡಿನಲ್ಲೇ ಇಟ್ಟುಕೊಳ್ಳಿ. ದಾರಿಯಲ್ಲಿ ಅಳಿಸಿಹೋದರೂ ಐದು ನಿಮಿಷದಲ್ಲಿ ಮತ್ತೆ ಹಾಕಬಹುದು. ಇನ್ನೊಂದು ಎಚ್ಚರಿಕೆ: ಹಳೆಯ ನ್ಯಾವಿಗೇಶನ್ ಪ್ರೋಗ್ರಾಂಗಳಲ್ಲಿ ಹಲವು ಇಂಟರ್ನೆಟ್ ಮೂಲಕ ಆಕ್ಟಿವೇಟ್ ಆಗುವಂಥವು. ಆ ಸರ್ವರ್ ಇನ್ನೂ ನಡೆಯುತ್ತಿದೆಯೇ ಎಂದು ಖಚಿತಪಡಿಸಿಕೊಳ್ಳದೆ, ಈಗಾಗಲೇ ಕೆಲಸ ಮಾಡುತ್ತಿರುವ ಸಾಧನವನ್ನು ಹಾರ್ಡ್ ರೀಸೆಟ್ (ಎಲ್ಲ ಅಳಿಸಿ ಮೂಲ ಸ್ಥಿತಿಗೆ ತರುವುದು) ಮಾಡಬೇಡಿ.

ಮೆಮರಿ ಕಾರ್ಡಿನ ಆಯ್ಕೆಯಲ್ಲಿ ದೊಡ್ಡದೇ ಒಳ್ಳೆಯದೆಂಬ ಲೆಕ್ಕ ಇಲ್ಲಿ ನಡೆಯದು. ಹಳೆಯ ಎಸ್‌ಡಿ ಸ್ಲಾಟುಗಳಿಗೆ 2 ಜಿಬಿವರೆಗಿನ ಸಾದಾ ಎಸ್‌ಡಿ ಕಾರ್ಡ್ ಮಾತ್ರ ಗೊತ್ತು. 4 ಜಿಬಿ ಮತ್ತು ಮೇಲಿನವು ಎಸ್‌ಡಿಎಚ್‌ಸಿ. ಆಕಾರ ಒಂದೇ ಆದರೂ ಒಳಗಿನ ವಿಳಾಸ ಪದ್ಧತಿಯೇ ಬೇರೆ, ಹಾಗಾಗಿ ಕಾರ್ಡ್ ಇದೆಯೆಂದೇ ಪಿಡಿಎಗೆ ತಿಳಿಯುವುದಿಲ್ಲ. 1 ಅಥವಾ 2 ಜಿಬಿ ಕಾರ್ಡ್ ತೆಗೆದುಕೊಂಡು, ಪಿಸಿಯ ಕಾರ್ಡ್ ರೀಡರ್‌ನಲ್ಲಿ ಫ್ಯಾಟ್ ಎಂದು ಫಾರ್ಮ್ಯಾಟ್ ಮಾಡಿ. ಫ್ಯಾಟ್16 ಎಂದರೂ ಅದೇ. ಪಾಮ್ ಸಾಧನಗಳಿಗೂ ಇದೇ ಸುರಕ್ಷಿತ.

ಪಾಕೆಟ್ ಪಿಸಿಯಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಮೆಮರಿ ಎಂಬಲ್ಲಿಗೆ ಹೋಗಿ ಎಷ್ಟು ಜಾಗವಿದೆ ನೋಡಿ. 2003ರ ಆವೃತ್ತಿಯಲ್ಲಿ ಅಲ್ಲೊಂದು ಜಾರುಗುಂಡಿ ಇದೆ; ಅದನ್ನು ಸರಿಸಿ ಸ್ಟೋರೇಜ್‌ಗಿಂತ ಪ್ರೋಗ್ರಾಂ ಕಡೆಗೆ ಹೆಚ್ಚು ಪಾಲು ಕೊಡಿ. ಪ್ರೋಗ್ರಾಮನ್ನು ಸಾಧನದ ಮೆಮರಿಯಲ್ಲಿ ಹಾಕಿ, ನಕ್ಷೆಯನ್ನು ಕಾರ್ಡಿನಲ್ಲಿ ಇಡುವುದೇ ನಮ್ಮ ಸಲಹೆ. ಪ್ರೋಗ್ರಾಮನ್ನೂ ಕಾರ್ಡಿಗೆ ಹಾಕಿದರೆ, ಸಾಧನ ನಿದ್ದೆಯಿಂದ ಎದ್ದಾಗ ಕಾರ್ಡ್ ಮತ್ತೆ ಗುರುತಾಗುವ ಆ ಒಂದೆರಡು ಸೆಕೆಂಡಿನಲ್ಲಿ ಪ್ರೋಗ್ರಾಂ ಗಂಟು ಹಾಕಿಕೊಂಡು ನಿಂತುಬಿಡಬಹುದು.

ಪಿಸಿಯಿಂದ ದಾಟಿಸಲು ವಿಂಡೋಸ್ ಎಕ್ಸ್‌ಪಿಯಲ್ಲಿ ಆಕ್ಟಿವ್‌ಸಿಂಕ್ 4.5, ವಿಸ್ಟಾ ಮತ್ತು 7ರಲ್ಲಿ ವಿಂಡೋಸ್ ಮೊಬೈಲ್ ಡಿವೈಸ್ ಸೆಂಟರ್. ಇತ್ತೀಚಿನ ವಿಂಡೋಸ್‌ಗಳಲ್ಲಿ ಇವು ಹಟ ಹಿಡಿಯುತ್ತವೆ. ಅವುಗಳ ಜೊತೆ ಗುದ್ದಾಡಬೇಡಿ. ಕ್ಯಾಬ್ ಫೈಲನ್ನು (ಇನ್‌ಸ್ಟಾಲ್ ಫೈಲು) ಕಾರ್ಡ್ ರೀಡರ್ ಮೂಲಕ ಕಾರ್ಡಿಗೆ ನಕಲಿಸಿ, ಪಿಡಿಎಯ ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಅದರ ಮೇಲೆ ಸ್ಟೈಲಸ್ ತಾಗಿಸಿದರೆ ಇನ್‌ಸ್ಟಾಲ್ ಶುರುವಾಗುತ್ತದೆ. ಇನ್‌ಸ್ಟಾಲ್ ಮುಗಿದ ಮೇಲೆ ಸಿಸ್ಟಮ್ ಆ ಕ್ಯಾಬ್ ಫೈಲನ್ನು ತಾನೇ ಅಳಿಸಿಹಾಕುವುದುಂಟು. ಮೊದಲೇ ಫೈಲಿಗೆ ರೀಡ್ ಓನ್ಲಿ ಗುಣ ಕೊಟ್ಟರೆ ಉಳಿಯುತ್ತದೆ. ಪಾಮ್‌ನಲ್ಲಿ ಪಿಆರ್‌ಸಿ (ಪ್ರೋಗ್ರಾಂ) ಮತ್ತು ಪಿಡಿಬಿ (ದತ್ತಾಂಶ) ಫೈಲುಗಳನ್ನು ಪಿಸಿಯ ಹಾಟ್‌ಸಿಂಕ್ ಮೂಲಕ ಕಳಿಸಬಹುದು, ಇಲ್ಲವೇ ಕಾರ್ಡಿನಲ್ಲಿ ಪಾಮ್ ಎಂಬ ಫೋಲ್ಡರ್, ಅದರೊಳಗೆ ಲಾಂಚರ್ ಎಂಬ ಫೋಲ್ಡರ್ ಮಾಡಿ ಅಲ್ಲಿಡಬಹುದು. 2002ಕ್ಕೂ ಹಿಂದಿನ ಪಾಕೆಟ್ ಪಿಸಿಗಳಲ್ಲಿ ಎಆರ್‌ಎಂ ಮಾತ್ರವಲ್ಲದೆ ಮಿಪ್ಸ್ ಮತ್ತು ಎಸ್‌ಎಚ್3 ಪ್ರೊಸೆಸರುಗಳೂ ಇದ್ದವು. ಅಂಥದ್ದರಲ್ಲಿ ಎಆರ್‌ಎಂ ಕ್ಯಾಬ್ ಹಾಕಿದರೆ ಅದು ಓಡುವುದಿಲ್ಲ. ಮೊದಲು ಸೆಟ್ಟಿಂಗ್ಸ್‌ನ ಅಬೌಟ್ ಪುಟದಲ್ಲಿ ಪ್ರೊಸೆಸರ್ ಹೆಸರು ನೋಡಿಕೊಳ್ಳಿ.

ಪೋರ್ಟ್: ಅರ್ಧಕ್ಕರ್ಧ ಕೆಲಸ ಇಲ್ಲೇ

ರಿಸೀವರ್ ಪ್ರತಿ ಸೆಕೆಂಡಿಗೊಮ್ಮೆ ಕೆಲವು ಸಾಲು ಅಕ್ಷರಗಳನ್ನು ಸೀರಿಯಲ್ ಪೋರ್ಟಿನಲ್ಲಿ ಉಗುಳುತ್ತಿರುತ್ತದೆ. ಎನ್‌ಎಂಇಎ 0183 ಎಂಬ ಪದ್ಧತಿ ಅದು. ಮೂಲ ವೇಗ 4800 ಬಾಡ್ (ಇಲ್ಲಿ ಸೆಕೆಂಡಿಗೆ 4800 ಬಿಟ್), 8 ಡೇಟಾ ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್ ಬಿಟ್. ನಕ್ಷೆಯ ಪ್ರೋಗ್ರಾಂ ಆ ಪೋರ್ಟನ್ನು ತೆರೆದು ಓದುತ್ತದೆ, ಅಷ್ಟೇ. ಆದರೆ ಪೋರ್ಟನ್ನು ಒಂದು ಹೊತ್ತಿಗೆ ಒಂದೇ ಪ್ರೋಗ್ರಾಂ ತೆರೆಯಬಲ್ಲದು. ಮುಕ್ಕಾಲು ಪಾಲು ಗೋಳಿನ ಮೂಲ ಈ ಒಂದು ನಿಯಮ.

ಬ್ಲೂಟೂತ್ ರಿಸೀವರ್ ಆದರೆ ಹೀಗೆ ಮಾಡಿ.

1. ರಿಸೀವರ್ ಚಾಲೂ ಮಾಡಿ. ಅದು ಬೇರೆ ಯಾವ ಫೋನಿಗೂ, ಲ್ಯಾಪ್‌ಟಾಪಿಗೂ ಕೂಡಿಕೊಂಡಿರಬಾರದು. ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಸಾಧನದೊಂದಿಗೆ ಮಾತಾಡುವಂಥದ್ದು ಅದು.
2. ಪಿಡಿಎಯ ಸೆಟ್ಟಿಂಗ್ಸ್‌ನಲ್ಲಿ ಕನೆಕ್ಷನ್ಸ್, ಬ್ಲೂಟೂತ್, ಡಿವೈಸಸ್ ತೆರೆದು ಹೊಸ ಸಾಧನ ಹುಡುಕಿಸಿ. ಪಿನ್ ಕೇಳಿದರೆ ಬಹುಮಟ್ಟಿಗೆ 0000, ಇಲ್ಲವೇ 1234.
3. ಸೇವೆಗಳ ಪಟ್ಟಿಯಲ್ಲಿ ಸೀರಿಯಲ್ ಪೋರ್ಟ್ ಎಂಬುದಕ್ಕೆ ಗುರುತು ಹಾಕಿ.
4. ಕಾಮ್ ಪೋರ್ಟ್ಸ್ ಟ್ಯಾಬ್‌ಗೆ ಹೋಗಿ ಹೊಸ ಔಟ್‌ಗೋಯಿಂಗ್ ಪೋರ್ಟ್ ಮಾಡಿ, ರಿಸೀವರನ್ನು ಆರಿಸಿ, ಪಟ್ಟಿಯಲ್ಲಿರುವ ಖಾಲಿ ಸಂಖ್ಯೆ ಕೊಡಿ. ಸೆಕ್ಯೂರ್ ಕನೆಕ್ಷನ್ ಗುರುತು ತೆಗೆದರೆ ಎಷ್ಟೋ ರಿಸೀವರುಗಳು ಬೇಗ ಕೂಡುತ್ತವೆ.
5. ಆ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದಿಡಿ.

ಔಟ್‌ಗೋಯಿಂಗ್ ಎಂದೇ ಏಕೆ ಎಂದರೆ, ಸಂಪರ್ಕ ಶುರು ಮಾಡುವುದು ಪಿಡಿಎ, ಕಾದು ಕೂರುವುದು ರಿಸೀವರ್. ದತ್ತಾಂಶ ಒಳಗೆ ಬರುತ್ತದೆಂದು ಇನ್‌ಕಮಿಂಗ್ ಪೋರ್ಟ್ ಮಾಡಿದರೆ ಎರಡೂ ಕಡೆಯವರು ಕಾಯುತ್ತಲೇ ಕೂರುತ್ತಾರೆ. ತಯಾರಕರು ತಮ್ಮದೇ ಬ್ಲೂಟೂತ್ ಮ್ಯಾನೇಜರ್ ಹಾಕಿರುವ ಕೆಲವು ಪಿಡಿಎಗಳಲ್ಲಿ ಔಟ್‌ಬೌಂಡ್ ಪೋರ್ಟ್ ಮೊದಲೇ ಗೊತ್ತಾಗಿರುತ್ತದೆ. ಸೀರಿಯಲ್ ಪೋರ್ಟ್ ಟ್ಯಾಬ್‌ನಲ್ಲಿ ಅದರ ಸಂಖ್ಯೆ ಓದಿಕೊಂಡರೆ ಸಾಕು.

ವಿಂಡೋಸ್ ಮೊಬೈಲ್ 5 ಮತ್ತು 6ರಲ್ಲಿ ಇನ್ನೊಂದು ಮೆಟ್ಟಿಲಿದೆ. ಸೆಟ್ಟಿಂಗ್ಸ್‌ನಲ್ಲಿ ಜಿಪಿಎಸ್ ಅಥವಾ ಎಕ್ಸ್‌ಟರ್ನಲ್ ಜಿಪಿಎಸ್ ಎಂಬ ಚಿತ್ರಿಕೆ ತೆರೆಯಿರಿ. ಅಲ್ಲಿ ಪ್ರೋಗ್ರಾಮ್ಸ್ ಟ್ಯಾಬ್‌ನಲ್ಲಿ ಒಂದು ಪೋರ್ಟ್, ಹಾರ್ಡ್‌ವೇರ್ ಟ್ಯಾಬ್‌ನಲ್ಲಿ ಇನ್ನೊಂದು ಪೋರ್ಟ್ ಮತ್ತು ಬಾಡ್ ರೇಟ್ ಕೇಳುತ್ತದೆ. ಹಾರ್ಡ್‌ವೇರ್ ಪೋರ್ಟ್ ಎಂದರೆ ನೀವು ಚೀಟಿಯಲ್ಲಿ ಬರೆದಿಟ್ಟ ಸಂಖ್ಯೆ. ಪ್ರೋಗ್ರಾಂ ಪೋರ್ಟ್ ಎಂದರೆ ಯಾವುದೂ ಬಳಸದ ಬೇರೊಂದು ಸಂಖ್ಯೆ. ನಕ್ಷೆಯ ಪ್ರೋಗ್ರಾಮಿಗೆ ಕೊಡಬೇಕಾದದ್ದು ಇದನ್ನು. ಸಿಸ್ಟಮ್ ನಡುವೆ ನಿಂತು ಒಂದೇ ರಿಸೀವರ್‌ನ ಸಾಲುಗಳನ್ನು ಹಲವು ಪ್ರೋಗ್ರಾಂಗಳಿಗೆ ಹಂಚುತ್ತದೆ, ಹಾಗಾಗಿ ಒಬ್ಬರಿಗೇ ಒಂದು ಪೋರ್ಟ್ ಎಂಬ ಇಕ್ಕಟ್ಟು ತಪ್ಪುತ್ತದೆ. ಎರಡೂ ಕಡೆ ಒಂದೇ ಸಂಖ್ಯೆ ಕೊಡುವುದು, ಅಥವಾ ನಕ್ಷೆಗೆ ಹಾರ್ಡ್‌ವೇರ್ ಸಂಖ್ಯೆ ಕೊಟ್ಟು ಅದನ್ನು ಸಿಸ್ಟಮ್ ಜೊತೆ ಜಗಳಕ್ಕೆ ಬಿಡುವುದು, ಇವೆರಡೇ ಇಲ್ಲಿ ಆಗುವ ತಪ್ಪು. ನಕ್ಷೆಯ ಪ್ರೋಗ್ರಾಂ ತೀರಾ ಹಳೆಯದಾಗಿ ಈ ಹಂಚಿಕೆಗೆ ಒಗ್ಗದಿದ್ದರೆ ಜಿಪಿಎಸ್ ಸೆಟ್ಟಿಂಗ್‌ನಲ್ಲಿ ಎರಡನ್ನೂ ನನ್, ಅಂದರೆ ಯಾವುದೂ ಇಲ್ಲ, ಎಂದು ಬಿಟ್ಟು, ಪ್ರೋಗ್ರಾಮಿಗೆ ನೇರವಾಗಿ ಹಾರ್ಡ್‌ವೇರ್ ಪೋರ್ಟ್ ಕೊಡಿ.

ಪೋರ್ಟ್ ತೆರೆಯುವುದಿಲ್ಲ ಅಥವಾ ಬೇರೆಯವರು ಬಳಸುತ್ತಿದ್ದಾರೆ ಎಂಬ ಸಂದೇಶ ಬಂದರೆ ಎರಡು ಕಡೆ ನೋಡಿ. ಮೊದಲನೆಯದು, ವಿಂಡೋಸ್ ಮೊಬೈಲ್‌ನಲ್ಲಿ ಮೂಲೆಯ ಗುಣಿಸು ಗುರುತು ಒತ್ತಿದರೆ ಪ್ರೋಗ್ರಾಂ ಮುಚ್ಚುವುದಿಲ್ಲ, ತೆರೆಯ ಹಿಂದೆ ಅಡಗುತ್ತದೆ, ಪೋರ್ಟನ್ನೂ ಬಿಟ್ಟುಕೊಡುವುದಿಲ್ಲ. ಸೆಟ್ಟಿಂಗ್ಸ್, ಸಿಸ್ಟಮ್, ಮೆಮರಿಯಲ್ಲಿ ರನ್ನಿಂಗ್ ಪ್ರೋಗ್ರಾಮ್ಸ್ ಪಟ್ಟಿ ತೆರೆದು ಹಿಂದಿನ ಪ್ರೋಗ್ರಾಮನ್ನು ಸ್ಟಾಪ್ ಮಾಡಿ. ಎರಡನೆಯದು, ಕನೆಕ್ಷನ್ಸ್‌ನಲ್ಲಿರುವ ಬೀಮ್ (ಒಂದು ಸಾಧನದಿಂದ ಇನ್ನೊಂದಕ್ಕೆ ತಂತಿಯಿಲ್ಲದೆ ಫೈಲ್ ಕಳಿಸುವ ಸೌಲಭ್ಯ). ಬರುವ ಎಲ್ಲ ಬೀಮ್‌ಗಳನ್ನು ಸ್ವೀಕರಿಸು ಎಂಬ ಗುರುತು ಇದ್ದರೆ ಸಿಸ್ಟಮ್ ಸದಾ ಪೋರ್ಟುಗಳ ಮೇಲೆ ಕಿವಿಗೊಟ್ಟು ಕೂತಿರುತ್ತದೆ. ಕೇಬಲ್ ಮತ್ತು ಕಾರ್ಡ್ ರಿಸೀವರುಗಳಿಗೆ ಇದು ಅಡ್ಡಿ. ಗುರುತು ತೆಗೆದುಹಾಕಿ, ಒಮ್ಮೆ ಸಾಫ್ಟ್ ರೀಸೆಟ್ (ಏನೂ ಅಳಿಸದೆ ಮರುಚಾಲನೆ) ಮಾಡಿ.

ಸಾಲುಗಳನ್ನು ಕಣ್ಣಾರೆ ನೋಡಿ

ನಕ್ಷೆ ತೆರೆಯುವ ಮುಂಚೆ ಒಂದು ಸಣ್ಣ ಪರೀಕ್ಷಾ ಪ್ರೋಗ್ರಾಂ ಹಾಕಿಕೊಳ್ಳಿ. ಪಾಕೆಟ್ ಪಿಸಿಗೆ ವಿಷುಯಲ್‌ಜಿಪಿಎಸ್‌ಸಿಇ, ಪಾಮ್‌ಗೆ ಸೀಟಸ್ ಜಿಪಿಎಸ್ ಇದಕ್ಕೆ ಹೇಳಿಮಾಡಿಸಿದಂಥವು, ಎರಡೂ ಉಚಿತ. ಪೋರ್ಟ್ ಸಂಖ್ಯೆ, 4800 ಬಾಡ್ ಕೊಟ್ಟು ಸಂಪರ್ಕಿಸಿ. ಇಂಥ ಸಾಲುಗಳು ಓಡಬೇಕು (ತೆರೆಯ ಮೇಲೆ ಅಕ್ಷರಗಳು ರೋಮನ್ ಲಿಪಿಯಲ್ಲಿರುತ್ತವೆ):

$ಜಿಪಿಜಿಜಿಎ,081530,4530.600,ಎನ್,01215.300,ಇ,1,07,1.2,…

ಮೊದಲನೆಯದು ವೇಳೆ: 8 ಗಂಟೆ 15 ನಿಮಿಷ 30 ಸೆಕೆಂಡು, ಯುಟಿಸಿ ಎಂಬ ಜಾಗತಿಕ ಸಮಯದಲ್ಲಿ. ಅದನ್ನು ನಿಮ್ಮ ಗಡಿಯಾರಕ್ಕೆ ಹೋಲಿಸಿ ಗಾಬರಿಯಾಗಬೇಡಿ. ಮುಂದಿನದು ಅಕ್ಷಾಂಶ, ಅದಾದ ಮೇಲೆ ರೇಖಾಂಶ. ಆ 1 ಎಂಬುದು ಫಿಕ್ಸ್, ಅಂದರೆ ನೀವಿರುವ ಸ್ಥಾನ, ಸಿಕ್ಕಿದೆ ಎಂಬ ಗುರುತು. 0 ಇದ್ದರೆ ಇನ್ನೂ ಇಲ್ಲ, 2 ಇದ್ದರೆ ತಿದ್ದುಪಡಿ ಸಂಕೇತವೂ ಸಿಗುತ್ತಿದೆ. 07 ಎಂದರೆ ಏಳು ಉಪಗ್ರಹ ಬಳಕೆಯಲ್ಲಿವೆ. 1.2 ಎಂಬುದು ಎಚ್‌ಡಿಒಪಿ, ಉಪಗ್ರಹಗಳು ಆಕಾಶದಲ್ಲಿ ಎಷ್ಟು ಚೆನ್ನಾಗಿ ಹರಡಿವೆ ಎಂಬುದರ ಅಳತೆ. 2ಕ್ಕಿಂತ ಕಡಿಮೆಯಿದ್ದರೆ ಒಳ್ಳೆಯದು. 5 ದಾಟಿದರೆ ನಕ್ಷೆಯ ಮೇಲಿನ ಬಾಣವನ್ನು ಪೂರ್ತಿ ನಂಬಬೇಡಿ. ಆರ್‌ಎಂಸಿ ಎಂಬ ಇನ್ನೊಂದು ಸಾಲಿನಲ್ಲಿ ಫಿಕ್ಸ್ ಇದೆಯೇ ಎಂಬುದಕ್ಕೆ ಅಕ್ಷರ ಬಳಸುತ್ತಾರೆ: ಎ ಎಂದರೆ ಸ್ಥಾನ ಸರಿ, ವಿ ಎಂದರೆ ಎಚ್ಚರಿಕೆ.

ಈ ಪರೀಕ್ಷೆಯಲ್ಲಿ ಕಾಣುವುದು ಮೂರರಲ್ಲಿ ಒಂದು.

ಏನೂ ಬರುತ್ತಿಲ್ಲವೆಂದರೆ ಪೋರ್ಟ್ ಸಂಖ್ಯೆ ತಪ್ಪು, ಇಲ್ಲವೇ ಕೇಬಲ್ ಅದಲುಬದಲಾಗಿಲ್ಲ. ಆಕಾಶಕ್ಕೂ ಇದಕ್ಕೂ ಸಂಬಂಧವಿಲ್ಲ. ಕೋಣೆಯೊಳಗೆ ಒಂದೂ ಉಪಗ್ರಹ ಸಿಗದಿದ್ದರೂ ರಿಸೀವರ್ ಖಾಲಿ ಜಾಗವಿರುವ ಸಾಲುಗಳನ್ನಾದರೂ ಕಳಿಸುತ್ತಲೇ ಇರಬೇಕು.

ಸಾಲು ಸರಿಯಾಗಿ ಬರುತ್ತಿದೆ, ಆದರೆ ಫಿಕ್ಸ್ 0 ಎಂದರೆ ಪೋರ್ಟ್ ಸರಿ, ಆಕಾಶ ಬೇಕು. ಹೊರಗೆ ನಡೆಯಿರಿ.

ಕಸದಂಥ ಅಕ್ಷರಗಳು ಬರುತ್ತಿದ್ದರೆ ಬಾಡ್ ರೇಟ್ ತಪ್ಪು, ಅಥವಾ ರಿಸೀವರ್ ಎನ್‌ಎಂಇಎ ಬಿಟ್ಟು ಬೈನರಿ ಭಾಷೆಯಲ್ಲಿದೆ. ಕೇಬಲ್ ಮತ್ತು ಕಾರ್ಡ್ ರಿಸೀವರುಗಳಲ್ಲಿ 9600, 19200, 38400, 57600 ಹೀಗೆ ಒಂದೊಂದಾಗಿ ಪ್ರಯತ್ನಿಸಿ. ಬ್ಲೂಟೂತ್‌ನಲ್ಲಿ ಪಿಡಿಎ ಕಡೆಯ ಬಾಡ್ ರೇಟ್‌ಗೆ ಬೆಲೆಯಿಲ್ಲ, ಹಾಗಾಗಿ ಅಲ್ಲಿ ಕಸ ಬಂದರೆ ಬಹುಮಟ್ಟಿಗೆ ಬೈನರಿಯೇ. ಸರ್ಫ್ ಎಂಬ ಕಂಪನಿಯ ಜಿಪಿಎಸ್ ಚಿಪ್ ಇರುವ ರಿಸೀವರುಗಳಲ್ಲಿ ಇದು ಸಾಮಾನ್ಯ: ಯಾವುದೋ ಒಂದು ನಕ್ಷೆಯ ಪ್ರೋಗ್ರಾಂ ತನ್ನ ಅನುಕೂಲಕ್ಕೆ ರಿಸೀವರನ್ನು ಬೈನರಿಗೆ ಬದಲಿಸಿ, ಹೋಗುವಾಗ ಹಾಗೇ ಬಿಟ್ಟಿರುತ್ತದೆ. ಸರ್ಫ್‌ಡೆಮೋ ಎಂಬ ಪಿಸಿ ಪ್ರೋಗ್ರಾಮಿನಿಂದ ಅದನ್ನು ಎನ್‌ಎಂಇಎಗೆ ಮರಳಿಸಬಹುದು. ಆದರೆ ಬ್ಲೂಟೂತ್ ರಿಸೀವರ್‌ನಲ್ಲಿ ಹೀಗೆ ಮಾಡುವಾಗ ವೇಗವನ್ನು ಮನಬಂದಂತೆ ಕೊಡಬಾರದು. ರಿಸೀವರ್‌ನ ಒಳಗಡೆ ಜಿಪಿಎಸ್ ಚಿಪ್ಪಿಗೂ ಬ್ಲೂಟೂತ್ ಚಿಪ್ಪಿಗೂ ನಡುವೆ ಒಂದು ನಿಗದಿತ ವೇಗ ಗೊತ್ತಾಗಿರುತ್ತದೆ, ಬಹಳಷ್ಟು ರಿಸೀವರುಗಳಲ್ಲಿ 38400. ನೀವು ಜಿಪಿಎಸ್ ಚಿಪ್ಪನ್ನು 4800ಕ್ಕೆ ಇಳಿಸಿದರೆ ಅವೆರಡೂ ಒಂದಕ್ಕೊಂದು ಅರ್ಥವಾಗದೆ ಹೊರಗಿನಿಂದ ಯಾವ ಆಜ್ಞೆಯೂ ಒಳಹೋಗದಂತಾಗುತ್ತದೆ. ಕೈಪಿಡಿಯಲ್ಲಿ ಮೂಲ ವೇಗ ಓದಿಕೊಂಡೇ ಬದಲಿಸಿ.

ಮೊದಲ ಫಿಕ್ಸ್‌ಗೆ ತಾಳ್ಮೆ

ಬಹಳ ದಿನ ಮೂಲೆಯಲ್ಲಿದ್ದ ಅಥವಾ ದೂರದ ಊರಿಗೆ ಹೋದ ರಿಸೀವರಿಗೆ ಯಾವ ಉಪಗ್ರಹ ಎಲ್ಲಿದೆಯೆಂದು ತಿಳಿದಿರುವುದಿಲ್ಲ. ಪ್ರತಿ ಉಪಗ್ರಹವೂ ತನ್ನ ಕಕ್ಷೆಯ ನಿಖರ ವಿವರವನ್ನು 30 ಸೆಕೆಂಡಿಗೊಮ್ಮೆ ಸಾರುತ್ತದೆ. ಎಲ್ಲ ಉಪಗ್ರಹಗಳ ಒರಟು ಪಂಚಾಂಗ ಪೂರ್ತಿ ಬರಲು 12.5 ನಿಮಿಷ ಹಿಡಿಯುತ್ತದೆ. ಆ 30 ಸೆಕೆಂಡಿನ ಮಧ್ಯೆ ಮರ, ಸೇತುವೆ ಅಡ್ಡ ಬಂದು ಸಂಕೇತ ತುಂಡಾದರೆ ಮುಂದಿನ ಸರದಿಗೆ ಕಾಯಬೇಕು. ಆದ್ದರಿಂದ ಹೊರಟ ಮೇಲೆ ಚಾಲೂ ಮಾಡುವ ಬದಲು, ಬಯಲಲ್ಲಿ ನಿಂತು ಚಾಲೂ ಮಾಡಿ, ಫಿಕ್ಸ್ ಸಿಕ್ಕ ಮೇಲೆ ಹೊರಡಿ. ಮೊದಲ ಸಲವಾದರೆ ಕಾಲು ಗಂಟೆ ಹಾಗೇ ಬಿಡಿ. ಕೆಲವು ಗಂಟೆಯೊಳಗೆ ಮತ್ತೆ ಚಾಲೂ ಮಾಡಿದರೆ ಕಕ್ಷೆಯ ವಿವರ ಇನ್ನೂ ಹಳಸಿರುವುದಿಲ್ಲ, ಬೇಗ ಸಿಗುತ್ತದೆ.

ಆಂಟೆನಾ ಹಿಡಿಯುವ ರೀತಿಗೂ ಬೆಲೆಯಿದೆ. ಚಪ್ಪಟೆ ಆಂಟೆನಾ ಇರುವ ರಿಸೀವರ್ ಬೆನ್ನ ಮೇಲೆ ಮಲಗಿ ಆಕಾಶ ನೋಡುತ್ತಿರಬೇಕು, ಕೊಳವೆಯಂಥ ಸುರುಳಿ ಆಂಟೆನಾ ನೆಟ್ಟಗೆ ನಿಂತಿರಬೇಕು. ಕಾರಿನ ಗಾಜಿಗೆ ಬಿಸಿಲು ತಡೆಯುವ ಲೋಹದ ಲೇಪನವಿದ್ದರೆ ಸಂಕೇತ ಒಳಗೆ ಬರುವುದೇ ಕಷ್ಟ. ಅಂಥ ಗಾಜಿನಲ್ಲಿ ಲೇಪನವಿಲ್ಲದ ಪಟ್ಟಿ ಇದ್ದರೆ ಅದರ ಹಿಂದೆ ಇಡಿ, ಇಲ್ಲವೇ ಹೊರಗಿನ ಆಂಟೆನಾ ಸಿಕ್ಕಿಸಿ.

ಈಗ ನಕ್ಷೆ

ಸಾಲುಗಳು ಬರುತ್ತಿವೆ, ಫಿಕ್ಸ್ 1 ಇದೆ. ಪರೀಕ್ಷಾ ಪ್ರೋಗ್ರಾಮನ್ನು ನಿಜವಾಗಿ ಮುಚ್ಚಿ, ನಕ್ಷೆಯ ಪ್ರೋಗ್ರಾಂ ಹಾಕಿ, ಅದೇ ಪೋರ್ಟ್ ಮತ್ತು ಬಾಡ್ ರೇಟ್ ಕೊಡಿ. ಇಲ್ಲಿಂದಾಚೆಗೆ ದಾರಿ ಎರಡು.

ವೆಕ್ಟರ್ ನಕ್ಷೆಯಲ್ಲಿ ರಸ್ತೆಗಳು ಗೆರೆಗಳಾಗಿ, ಹೆಸರುಗಳು ಅಕ್ಷರಗಳಾಗಿ ಇರುತ್ತವೆ. ಎಷ್ಟು ಹಿಗ್ಗಿಸಿದರೂ ಒಡೆಯುವುದಿಲ್ಲ, ಜಾಗವೂ ಕಡಿಮೆ ಸಾಕು. 2004ರಲ್ಲಿ ಶುರುವಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನ ಮುಕ್ತ ದತ್ತಾಂಶದಿಂದ ಇಂಥ ನಕ್ಷೆಯನ್ನು ನೀವೇ ಮಾಡಿಕೊಳ್ಳಬಹುದು ಎಂಬುದು ಹಳೆಯ ಪಿಡಿಎಗಳಿಗೆ ದೊಡ್ಡ ವರ. ಬೇಕಾದ ಪ್ರದೇಶದ ದತ್ತಾಂಶ ಇಳಿಸಿಕೊಂಡು, ದೊಡ್ಡದಾದರೆ ಸ್ಪ್ಲಿಟರ್‌ನಿಂದ ತುಂಡು ಮಾಡಿ, ಎಂಕೆಜಿಮ್ಯಾಪ್ ಎಂಬ ಜಾವಾ ಪ್ರೋಗ್ರಾಮಿಗೆ ಜಿಮ್ಯಾಪ್‌ಸಪ್ ಆಯ್ಕೆಯೊಂದಿಗೆ ಉಣಿಸಿದರೆ ಗಾರ್ಮಿನ್ ಮಾದರಿಯ ಒಂದೇ ಐಎಂಜಿ ಫೈಲ್ ಸಿಗುತ್ತದೆ. ಗಾರ್ಮಿನ್ ಮೊಬೈಲ್ ಎಕ್ಸ್‌ಟಿ ಇದ್ದರೆ ಈ ಫೈಲ್ ಕಾರ್ಡಿನ ಬುಡದಲ್ಲಿರುವ ಗಾರ್ಮಿನ್ ಫೋಲ್ಡರಿನಲ್ಲಿ ಇರಬೇಕು, ಹೆಸರು ಜಿಮ್ಯಾಪ್‌ಸಪ್ ಎಂದೇ ಇರಬೇಕು. ರೋಮನ್ ಲಿಪಿಯಲ್ಲಿ ಬರೆಯುವಾಗ ಕೊನೆಗೆ ಎರಡು ಪಿ. ಒಂದು ಬಿಟ್ಟುಹೋದರೂ ನಕ್ಷೆ ಕಾಣುವುದಿಲ್ಲ. ಜಿಪಿಎಸ್‌ವಿಪಿ ಎಂಬ ಉಚಿತ ಪ್ರೋಗ್ರಾಂ ಕೂಡ ಇದೇ ಮಾದರಿ ಓದುತ್ತದೆ. ಹೆಸರುಗಳು ರೋಮನ್ ಅಲ್ಲದ ಲಿಪಿಯಲ್ಲಿದ್ದರೆ ಪಿಡಿಎಯಲ್ಲಿ ಚೌಕಗಳೋ ಪ್ರಶ್ನೆ ಗುರುತುಗಳೋ ಕಾಣುವುದು ಸಹಜ, ಹಾಗಾಗಿ ನಕ್ಷೆ ಕಟ್ಟುವಾಗಲೇ ರೋಮನ್‌ಗೆ ಲಿಪ್ಯಂತರ ಮಾಡಿಸಿ.

ಬೆಟ್ಟಗುಡ್ಡ, ಕಾಡುದಾರಿಗೆ ಹೋಗುವವರಿಗೆ ಸ್ಕ್ಯಾನ್ ಮಾಡಿದ ಕಾಗದದ ನಕ್ಷೆಯೇ ಹೆಚ್ಚು ಹೇಳುತ್ತದೆ. ಇದಕ್ಕೆ ಓಝಿಎಕ್ಸ್‌ಪ್ಲೋರರ್ ಸಿಇ ಒಳ್ಳೆಯದು. ಸ್ಕ್ಯಾನ್ ಎಷ್ಟು ಸಾಂದ್ರವಾಗಿರಬೇಕು ಎಂಬುದಕ್ಕೆ ಲೆಕ್ಕ ಸುಲಭ. 200 ಡಿಪಿಐನಲ್ಲಿ (ಇಂಚಿಗೆ 200 ಚುಕ್ಕಿ) ಒಂದು ಪಿಕ್ಸೆಲ್ ಎಂದರೆ ಕಾಗದದ ಮೇಲೆ 0.127 ಮಿಲಿಮೀಟರ್, 1:50,000 ನಕ್ಷೆಯಲ್ಲಿ ಅದು ನೆಲದ ಮೇಲೆ 6.35 ಮೀಟರ್. ರಿಸೀವರ್‌ನ ನಿಖರತೆಯೂ ಬಯಲಲ್ಲಿ ಹೆಚ್ಚುಕಡಿಮೆ ಅಷ್ಟೇ. 300 ಡಿಪಿಐಗೆ ಏರಿಸಿದರೆ ಫೈಲ್ ಎರಡೂಕಾಲು ಪಟ್ಟು ಹಿಗ್ಗುತ್ತದೆ, ಬಾಣ ಮಾತ್ರ ಒಂದಿಷ್ಟೂ ಹೆಚ್ಚು ನಿಖರವಾಗುವುದಿಲ್ಲ. 50 ಸೆಂಟಿಮೀಟರ್ ಚದರದ ಹಾಳೆ 200 ಡಿಪಿಐನಲ್ಲಿ ಸುಮಾರು 3,937 ಪಿಕ್ಸೆಲ್ ಉದ್ದಗಲ, 256 ಬಣ್ಣಕ್ಕೆ ಇಳಿಸಿದರೆ ಬಿಚ್ಚಿದಾಗ 15.5 ಎಂಬಿ. 64 ಎಂಬಿ ರ‍್ಯಾಮ್ ಇರುವ ಸಾಧನಕ್ಕೆ ಇದನ್ನು ಜೆಪೆಗ್ ಆಗಿ ಕೊಟ್ಟರೆ ಪೂರ್ತಿ ಬಿಚ್ಚಬೇಕಾಗಿ ಬಂದು ಉಸಿರುಗಟ್ಟುತ್ತದೆ. ಅದಕ್ಕೇ ಪಿಸಿಯಲ್ಲಿ ಇಮ್‌ಜಿ2ಓಝ್ಎಫ್ ಬಳಸಿ ಓಝ್ಎಫ್2 ಮಾದರಿಗೆ ಬದಲಿಸುವುದು. ಅದರಲ್ಲಿ ಚಿತ್ರ ಸಣ್ಣ ಹೆಂಚುಗಳಾಗಿ ಒಡೆದಿರುತ್ತದೆ, ತೆರೆಗೆ ಬೇಕಾದಷ್ಟನ್ನೇ ಓದಿಕೊಳ್ಳಬಹುದು.

ಚಿತ್ರವನ್ನು ಭೂಮಿಗೆ ಕಟ್ಟುವ ಕೆಲಸ, ಅಂದರೆ ಕ್ಯಾಲಿಬ್ರೇಶನ್, ಪಿಸಿಯ ಓಝಿಎಕ್ಸ್‌ಪ್ಲೋರರ್‌ನಲ್ಲಿ ಆಗಬೇಕು. ನಕ್ಷೆಯ ಜಾಲರೇಖೆಗಳು ಕೂಡುವ ನಾಲ್ಕು ಮೂಲೆಗಳನ್ನು ಆರಿಸಿ, ಪ್ರತಿಯೊಂದರ ನಿರ್ದೇಶಾಂಕ ತುಂಬಿ. ಎರಡೇ ಬಿಂದುವಿಗೆ ನಿಲ್ಲಿಸಿದರೆ ಸ್ಕ್ಯಾನರಿನಲ್ಲಿ ಹಾಳೆ ಸೊಟ್ಟಗೆ ಕೂತದ್ದು ತಿದ್ದುಪಡಿಯಾಗುವುದಿಲ್ಲ. ನಡುವಿನ ಒಂದು ಬಿಂದುವನ್ನು ತುಂಬದೆ ಉಳಿಸಿಕೊಂಡು, ಕರ್ಸರ್ ಅಲ್ಲಿಟ್ಟು ಓದಿದ ನಿರ್ದೇಶಾಂಕ ಕಾಗದದ ಜೊತೆ ತಾಳೆಯಾಗುತ್ತದೆಯೇ ನೋಡುವುದು ಒಳ್ಳೆಯ ಪರೀಕ್ಷೆ. ಸಿಕ್ಕ ಮ್ಯಾಪ್ ಫೈಲನ್ನೂ ಓಝ್ಎಫ್2 ಫೈಲನ್ನೂ ಒಂದೇ ಫೋಲ್ಡರಿನಲ್ಲಿ ಕಾರ್ಡಿಗೆ ಹಾಕಿ.

ಡೇಟಮ್ (ಅಕ್ಷಾಂಶ ರೇಖಾಂಶ ಅಳೆಯಲು ಆಧಾರವಾಗಿಸಿದ ಭೂಮಿಯ ಮಾದರಿ) ಎಂಬ ಪದವನ್ನು ಇಲ್ಲಿ ತಪ್ಪದೆ ನೋಡಬೇಕು. ಜಿಪಿಎಸ್ ಲೆಕ್ಕ ಹಾಕುವುದು ಡಬ್ಲ್ಯುಜಿಎಸ್84ರಲ್ಲಿ. ಹಳೆಯ ಕಾಗದದ ನಕ್ಷೆಗಳು ಎನ್‌ಎಡಿ27, ಇಡಿ50, ಎವರೆಸ್ಟ್ ಹೀಗೆ ಬೇರೆ ಆಧಾರದ ಮೇಲೆ ಬರೆದವು. ನಕ್ಷೆಯ ಅಂಚಿನ ಟಿಪ್ಪಣಿಯಲ್ಲಿ ಇದು ಇರುತ್ತದೆ. ಕ್ಯಾಲಿಬ್ರೇಶನ್‌ನಲ್ಲಿ ನಕ್ಷೆಯ ಡೇಟಮ್ ಹಾಕಿ, ರಿಸೀವರ್‌ನ ಡೇಟಮ್ ಡಬ್ಲ್ಯುಜಿಎಸ್84 ಎಂದೇ ಬಿಡಿ. ಎಲ್ಲೇ ಹೋದರೂ ಬಾಣ ಒಂದೇ ದಿಕ್ಕಿಗೆ, ಒಂದೇ ಅಂತರಕ್ಕೆ ನೂರಾರು ಮೀಟರ್ ಸರಿದಿದ್ದರೆ ಅದು ಡೇಟಮ್ ತಪ್ಪು. ಬಾಣ ಸುತ್ತಮುತ್ತ ಅಲೆಯುತ್ತಿದ್ದರೆ ಅದು ಸಂಕೇತದ ದೋಷ. ಈ ವ್ಯತ್ಯಾಸ ಗೊತ್ತಿದ್ದರೆ ಅರ್ಧ ದಿನದ ಹುಡುಕಾಟ ಉಳಿಯುತ್ತದೆ.

ನಿರ್ದೇಶಾಂಕವನ್ನು ಕೈಯಾರೆ ತುಂಬುವಾಗಲೂ ಮೋಸ ಹೋಗುವುದುಂಟು. ಮೇಲಿನ ಸಾಲಿನ 4530.600 ಎಂದರೆ 45 ಡಿಗ್ರಿ 30.6 ಮಿನಿಟು, 30.6ನ್ನು 60ರಿಂದ ಭಾಗಿಸಿದರೆ 0.51, ಅಂದರೆ 45.51 ಡಿಗ್ರಿ. ಅದನ್ನೇ 45.306 ಎಂದು ಓದಿದರೆ ನೀವು ಸುಮಾರು 23 ಕಿಲೋಮೀಟರ್ ದಕ್ಷಿಣಕ್ಕೆ ಹೋಗಿ ಬಿದ್ದಿರುತ್ತೀರಿ.

ಬಳಸುವಾಗ

ಸೆಟ್ಟಿಂಗ್ಸ್‌ನ ಪವರ್‌ನಲ್ಲಿ, ಇಷ್ಟು ಹೊತ್ತು ಮುಟ್ಟದಿದ್ದರೆ ಆಫ್ ಆಗು ಎಂಬ ಗುರುತು ತೆಗೆಯಿರಿ. ಇಲ್ಲವಾದರೆ ಪಿಡಿಎ ನಿದ್ದೆಗೆ ಜಾರಿ ಬ್ಲೂಟೂತ್ ಪೋರ್ಟ್ ಕಡಿದುಹೋಗುತ್ತದೆ. ಎದ್ದ ಮೇಲೆ ಪ್ರೋಗ್ರಾಂ ಸತ್ತ ಪೋರ್ಟನ್ನೇ ಹಿಡಿದುಕೊಂಡಿರುತ್ತದೆ. ಹಾಗಾದಾಗ ಪ್ರೋಗ್ರಾಮನ್ನು ಮುಚ್ಚಿ ತೆರೆಯುವುದೊಂದೇ ದಾರಿ. ಬ್ಯಾಟರಿ ಉಳಿಸಬೇಕಾದರೆ ತೆರೆಯ ಬೆಳಕು ಕಡಿಮೆ ಮಾಡಿ, ಅದೇ ಎಲ್ಲಕ್ಕಿಂತ ಹೆಚ್ಚು ನುಂಗುವುದು. ದೀರ್ಘ ಪ್ರಯಾಣಕ್ಕೆ ಕಾರ್ ಚಾರ್ಜರ್ ಇರಲಿ.

ಸರ್ಫ್ ರಿಸೀವರ್ ಹಿಡಿದು ನಡೆಯುವವರು ಸ್ಟ್ಯಾಟಿಕ್ ನ್ಯಾವಿಗೇಶನ್ ಎಂಬ ಆಯ್ಕೆ ಬಂದ್ ಮಾಡಿ. ಕಾರು ಸಿಗ್ನಲ್‌ನಲ್ಲಿ ನಿಂತಾಗ ಬಾಣ ಅಲೆಯದಿರಲೆಂದು ನಿಧಾನ ವೇಗದಲ್ಲಿ ಸ್ಥಾನವನ್ನು ಹಿಡಿದಿಡುವ ಉಪಾಯ ಅದು. ಕಾಲ್ನಡಿಗೆಯಲ್ಲಿ ಬಾಣ ನಿಂತುನಿಂತು ಹಾರುವಂತೆ ಮಾಡುತ್ತದೆ. ಸಾಗಿದ ದಾರಿಯನ್ನು ದಾಖಲಿಸುವಾಗ ಸೆಕೆಂಡಿಗೊಂದು ಬಿಂದು ಬೇಡ, ಗಂಟೆಗೆ 3,600 ಆಗುತ್ತದೆ. ನಡಿಗೆಗೆ 10 ಮೀಟರಿಗೊಂದು ಸಾಕು. ಕಚ್ಚಾ ಎನ್‌ಎಂಇಎ ಸಾಲುಗಳನ್ನೇ ಉಳಿಸಿದರೆ 4800 ಬಾಡ್‌ನಲ್ಲಿ ಗಂಟೆಗೆ ಹೆಚ್ಚೆಂದರೆ 1.7 ಎಂಬಿ, ಏನೋ ತಪ್ಪಾಗುತ್ತಿದೆ ಎಂದು ಅನ್ನಿಸಿದ ದಿನ ಮಾತ್ರ ಅದನ್ನು ಚಾಲೂ ಮಾಡಿ. ಲಾಗ್ ಕಾರ್ಡಿಗೆ ಬೀಳುವಂತೆ ನೋಡಿಕೊಳ್ಳಿ.

ಇನ್ನು ಹಳೆಯ ರಿಸೀವರ್ ಬಳಸುವ ಎಲ್ಲರಿಗೂ ತಟ್ಟುವ ಒಂದು ವಿಷಯ. ಜಿಪಿಎಸ್ ಸಂಕೇತದಲ್ಲಿ ವಾರದ ಸಂಖ್ಯೆಗೆ 10 ಬಿಟ್ ಮಾತ್ರ, ಅಂದರೆ 1024 ವಾರವಾದ ಮೇಲೆ ಎಣಿಕೆ ಸೊನ್ನೆಗೆ ಮರಳುತ್ತದೆ. 1999ರ ಆಗಸ್ಟ್‌ನಲ್ಲಿ ಒಮ್ಮೆ, 2019ರ ಏಪ್ರಿಲ್‌ನಲ್ಲಿ ಮತ್ತೊಮ್ಮೆ ಹೀಗಾಗಿದೆ. ಮುಂದಿನದು 2038ರ ನವೆಂಬರ್‌ನಲ್ಲಿ. ಕೆಲವು ರಿಸೀವರುಗಳು ತಮ್ಮ ಫರ್ಮ್‌ವೇರ್ ತಯಾರಾದ ಕಾಲದಿಂದ 1024 ವಾರ ಎಣಿಸಿ, ಬೇರೆಯೇ ದಿನದಲ್ಲಿ ಎಡವುತ್ತವೆ. ಸ್ಥಾನ, ವೇಗ, ಗಂಟೆ ನಿಮಿಷ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತವೆ, ದಿನಾಂಕ ಮಾತ್ರ 19 ವರ್ಷ 7 ತಿಂಗಳಷ್ಟು ಹಿಂದೆ ಬೀಳುತ್ತದೆ. ನಕ್ಷೆಯ ಪ್ರೋಗ್ರಾಮಿನಲ್ಲಿ ಜಿಪಿಎಸ್‌ನಿಂದ ಗಡಿಯಾರ ಹೊಂದಿಸು ಎಂಬ ಆಯ್ಕೆ ಇದ್ದರೆ ಈಗಲೇ ತೆಗೆದುಹಾಕಿ. ಪಿಡಿಎ ಮೂಲತಃ ದಿನಚರಿ ಇಡುವ ಸಾಧನ. ಗಡಿಯಾರ ಹಿಂದಕ್ಕೆ ಹೋದರೆ ಅಲಾರಂ, ಭೇಟಿಯ ನೆನಪೋಲೆ ಎಲ್ಲ ಅಸ್ತವ್ಯಸ್ತವಾಗಿ, ಮುಂದಿನ ಸಿಂಕ್‌ನಲ್ಲಿ ಪಿಸಿಯ ಕ್ಯಾಲೆಂಡರಿಗೂ ಅಂಟಿಕೊಳ್ಳುತ್ತದೆ. ದಾಖಲಾದ ಟ್ರ್ಯಾಕ್‌ನ ದಿನಾಂಕ ಸರಿಪಡಿಸಲು ಪ್ರತಿ ಬಿಂದುವಿಗೂ 7,168 ದಿನ ಕೂಡಿಸಿದರೆ ಸಾಕು.